ಹೆಗಲು, ಭುಜ

ಕನ್ನಡದಲ್ಲಿ ಇದಕ್ಕೆ ಎರಡು ಮಾತಿದೆ, ಡಾಕ್ಟ್ರಮ್ಮ.
ಹೊರುವಾಗ ಹೆಗಲು,
ಬೀಸುವಾಗ ಭುಜ.
ಮೂವತ್ತೊಂದು ವರ್ಷ ನಾನು ಹೆಗಲಲ್ಲೇ ಇದ್ದವನು,
ಬಾಳೆಹೊನ್ನೂರಿನ ಮೇಲೆ, ಪ್ಲಾಂಟರುಗಳ ಕ್ಲಬ್ಬಿನ
ಒಂಬತ್ತು ಗುಳಿಗಳ ಸುತ್ತ
ಬೇರೆಯವರ ಚೀಲ ಹೊತ್ತವನು.
ಭುಜ ನೋಡಿ ಗೊತ್ತು, ಅಷ್ಟೆ.

ನಿಮ್ಮ ಚೆಂಡು ಆ ಸಿಲ್ವರ್ ಓಕಿನ ಬುಡವನ್ನೂ ಮುಟ್ಟುತ್ತಿಲ್ಲ.
ಶಿವಮೊಗ್ಗದಲ್ಲಿ ದಿನಕ್ಕೆ ನಲವತ್ತು ಜನರ ಮೂಳೆ ಕೂರಿಸುವ ಕೈ,
ಒಂದೊಂದು ಎಲುಬಿಗೂ ಲ್ಯಾಟಿನ್ ಹೆಸರು ಹೇಳುವ ಬಾಯಿ,
ಹೊಡೆಯುವುದು ಮಾತ್ರ ನೊಣ ಓಡಿಸಿದ ಹಾಗೆ,
ಮುಂಗೈಯಲ್ಲಿ.
ಬೇಜಾರು ಮಾಡಿಕೊಳ್ಳಬೇಡಿ.

ಕೈಯಲ್ಲಿ ಏನೂ ಇಲ್ಲ. ಕೈ ಬರೀ ಹಗ್ಗ.
ನಮ್ಮವ್ವ ಮಜ್ಜಿಗೆ ಕಡೆಯುವಾಗ
ಕಡಗೋಲು ನಿಂತಲ್ಲೇ ತಿರುಗುತ್ತಿತ್ತು,
ಒಂದು ತುದಿ ಹಿಂದಕ್ಕೆ ಬಂದರೆ ಇನ್ನೊಂದು ಮುಂದಕ್ಕೆ.
ಬೆನ್ನೆಲುಬು ಕಡಗೋಲು, ಭುಜಗಳು ಆ ಎರಡು ತುದಿ.
ಎಡದ್ದು ಗದ್ದದ ಕೆಳಗೆ ಸೇರಲಿ,
ಹೆದರಿದ ಬೆಕ್ಕು ಮಂಚದಡಿ ಸೇರಿದ ಹಾಗೆ.
ಬಲದ್ದು ಹಿಂದೆ ಹೋಗಲಿ, ಇನ್ನೂ ಹಿಂದೆ.
ಸೊಂಟ ಮಾತ್ರ ಒಪ್ಪಬಾರದು,
ಅರ್ಧಕ್ಕೇ ಹಟ ಹಿಡಿದು ನಿಲ್ಲಬೇಕು.
ಆ ಜಗಳದಲ್ಲೇ ಇರುವುದು ಕಸುವು.

ಗುರಿಗೆ ಬೆನ್ನು ತೋರಿಸಿ.
ಪೂರ್ತಿ.
ಎಷ್ಟೋ ಸಾಹುಕಾರರು ಇಲ್ಲೇ ಸೋತದ್ದು,
ಕಣ್ಣು ಬಾವುಟದಲ್ಲಿ, ಅವಸರ ತೋಳಲ್ಲಿ.
ಆಮೇಲೆ ಸೊಂಟ ಮೊದಲು ಬಿಚ್ಚಿಕೊಳ್ಳಲಿ,
ಅದರ ಹಿಂದೆ ಭುಜ, ಅದರ ಹಿಂದೆ ಕೈ,
ದಿಬ್ಬಣ ಹೊರಟ ಹಾಗೆ;
ಕೋಲು ಎಲ್ಲರಿಗಿಂತ ಕಡೆಗೆ ಬಂದರೂ
ಗದ್ದಲವೆಲ್ಲ ಅದರದ್ದೇ.

ಅವತ್ತು ನಾಲ್ಕನೇ ಗ್ರೀನಿನಲ್ಲಿ
ರಾತ್ರಿ ಬಂದುಹೋದ ಕಾಟಿಯ ಗೊರಸಿನ ಗುರುತು, ಅದರೊಳಗೆ ಇಬ್ಬನಿ.
ಡಾಕ್ಟ್ರಮ್ಮ ಬೆನ್ನು ತಿರುಗಿಸಿದರು, ತಡೆದರು, ಬಿಟ್ಟರು.
ಸಿಲ್ವರ್ ಓಕಿನ ಆಚೆ ಎಲ್ಲೋ ಕಾಡುಕುರಿ ಬೊಗಳಿತು.
ಚೆಂಡು ಎಲ್ಲಿ ಬಿತ್ತೆಂದು ಅವರು ನೋಡಲೇ ಇಲ್ಲ.
ಕೋಲು ನನ್ನ ಕಡೆ ಚಾಚಿ,
"ಹಿರಿಯಣ್ಣ, ಈಗ ನೀವು" ಅಂದರು.

ಹೊರಿಸಿದವರು ಉಂಟು,
ಹೊಡಿ ಅಂದವರಿಲ್ಲ ಇಲ್ಲಿಯವರೆಗೆ.
ಎತ್ತಿದೆ.
ಎದೆಮಟ್ಟಕ್ಕೆ ಬಂದು ಬಲಗೈ ನಿಂತಿತು,
ತುಕ್ಕು ಹಿಡಿದ ಚಿಲಕ.

ಪಟ್ಟಿ ಒತ್ತಿ ತಗ್ಗಾದ ಜಾಗದಲ್ಲಿ ಅವರ ಎರಡು ಬೆರಳು.
ಲ್ಯಾಟಿನ್ನಿನಲ್ಲಿ ಏನೋ ಅಂದುಕೊಂಡರು,
ಆಮೇಲೆ ಕನ್ನಡದಲ್ಲಿ: "ಹೆಪ್ಪುಗಟ್ಟಿದೆ. ಎಷ್ಟು ವರ್ಷ ಆಯಿತು?"
ನನಗೇನು ಗೊತ್ತು.
ಚೀಲಕ್ಕೆ ಕೈ ಎತ್ತುವುದು ಬೇಕಾಗಲಿಲ್ಲ.

ಈಗ ದಿನಾ ಬೆಳಿಗ್ಗೆ ಷೆಡ್ಡಿನ ಗೋಡೆಯ ಮೇಲೆ
ಬೆರಳಲ್ಲಿ ಹತ್ತುತ್ತೇನೆ, ಹಲ್ಲಿಯ ಹಾಗೆ,
ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿನ ಮನೆಮನೆ ದಾಟಿ.
ಮೊದಲ ವಾರ ಶನಿವಾರ ಬಿಟ್ಟು ಮೇಲೆ ಹೋಗಲಿಲ್ಲ.
ಈಗ ಬುಧವಾರದಲ್ಲಿದ್ದೇನೆ.
ಏರಿದಷ್ಟೂ ದಿನ ಹಿಂದಕ್ಕೆ.
ಭಾನುವಾರ ಮುಟ್ಟಿದರೆ ಮತ್ತೆ ಕೋಲು ಕೊಡುತ್ತಾರಂತೆ.

ಚೀಲ ಎಡಕ್ಕೆ ಬದಲಾಯಿಸಿಕೊಂಡಿದ್ದೇನೆ.