ತೇಲಿದ್ದು, ಮುಳುಗಿದ್ದು

ಅಕ್ಟೋಬರಿನಲ್ಲಿ ಅಂಚೆಯಲ್ಲಿ ಬಂತು
ಹಳೆಯ ಕಾಲುಚೀಲದಲ್ಲಿ ಗಂಟುಕಟ್ಟಿದ ಹನ್ನೊಂದು ಬೀಜ.
ಕಳಿಸಿದವಳು ಸೋದರತ್ತೆಯ ಮಗಳು ಓಲೀಟಾ.
ಅವಳ ಗುಡ್ಡದ ಹಿಂದೆ, ಯಾರ ಕಣ್ಣಿಗೂ ಬೀಳದೆ,
ಎರಡು ಚೆಸ್ಟ್‌ನಟ್ ಮರ ಇನ್ನೂ ಉಸಿರು ಹಿಡಿದಿವೆಯಂತೆ.
ಚೀಟಿಯಲ್ಲಿತ್ತು: ತಿನ್ನಬೇಡ ಡೆಲ್ಫಿಯಾ,
ನಿನ್ನ ಬುದ್ಧಿ ನನಗೆ ಗೊತ್ತು.

ಒಂದನ್ನು ತಿಂದೆ.
ಮೊದಲು ಒಗರು, ಆಮೇಲೆ
ಮರೆತ ಹೆಸರು ನಾಲಗೆಯ ತುದಿಗೆ ಬಂದಂತೆ ಸಿಹಿ.

ಉಳಿದ ಹತ್ತನ್ನು ನೀರಿಗೆ ಬಿಟ್ಟೆ.
ಮೂರು ತೇಲಿದವು.
ಲೋಕದಲ್ಲಿ ತೇಲಿದವರೇ ಗೆದ್ದವರು;
ಇಲ್ಲಿ ತೇಲಿದ್ದು ಟೊಳ್ಳು, ಹುಳ ಉಂಡು ಬಿಟ್ಟದ್ದು.
ತಳ ಹಿಡಿದ ಏಳನ್ನು ಒರೆಸಿ
ಒದ್ದೆ ಪಾಚಿಯಲ್ಲಿ ಸುತ್ತಿ
ಫ್ರಿಜ್ಜಿನಲ್ಲಿ ಮಲಗಿಸಿದೆ, ಕ್ಯಾರೆಟ್ಟಿನ ಪಕ್ಕ.
ಚಳಿ ತಿನ್ನದೆ ಇವು ಏಳಲಾರವು.
ಅಮ್ಮನೂ ಇದನ್ನೇ ಹೇಳುತ್ತಿದ್ದಳು, ಅಣ್ಣಂದಿರನ್ನು ಕುರಿತು.

ಫೆಬ್ರವರಿ. ಹಾಲಿಗೆಂದು ಬಾಗಿಲು ತೆಗೆದರೆ
ಚೀಲದೊಳಗೆ ಬಿಳಿಯ ಬಾಲ.
ಬಾಗಿಲು ಮುಚ್ಚಿ ದೀಪ ಆರಿದ ಮೇಲೆ, ಆ ಕತ್ತಲಲ್ಲಿ,
ಕೆಳಗೆಂದರೆ ಯಾವ ಕಡೆ
ಅಂತ ಅದಕ್ಕೆ ಹೇಳಿದವರು ಯಾರು?
ಆರಕ್ಕೆ ಕಾಲು ಬಂದಿತ್ತು. ಏಳನೆಯದಕ್ಕೆ ಬೂಷ್ಟು.

ಹಾಲಿನ ಡಬ್ಬಗಳಲ್ಲಿ ಪೈನ್ ತೊಗಟೆಯ ಪುಡಿ ತುಂಬಿ
ಮಗ್ಗುಲಾಗಿ ಮಲಗಿಸಿದೆ, ಬೆರಳಿನ ಒಂದು ಗೆಣ್ಣು ಆಳ.
ಎರಡು ಅಳಿಲಿನ ಪಾಲು:
ಗಿಡ ಎದ್ದ ಮೇಲೂ ಬುಡದಲ್ಲಿ ಬೀಜ ಉಳಿದಿರುತ್ತದೆಂದು
ಅದಕ್ಕೆ ನನಗಿಂತ ಮೊದಲೇ ಗೊತ್ತು.
ಒಂದು ಸತ್ತದ್ದು ನನ್ನ ಅತಿಪ್ರೀತಿಗೆ, ನೀರು ಹೆಚ್ಚಾಗಿ.
ಇನ್ನೊಂದನ್ನು ಯಾರೂ ಏನೂ ಮಾಡಲಿಲ್ಲ, ಸುಮ್ಮನೆ ಸತ್ತಿತು.

ಉಳಿದವು ಎರಡು.
ಇವೂ ಬಾಳುವುದಿಲ್ಲ.
ತೋಳಿನಷ್ಟು ದಪ್ಪವಾಗುವ ಹೊತ್ತಿಗೆ ತೊಗಟೆ ಬಿರಿದು
ಕಿತ್ತಳೆ ಬಣ್ಣದ ಬೊಕ್ಕೆ ಏಳುತ್ತವೆ.
ಗುಡ್ಡಕ್ಕೆ ಗುಡ್ಡವೇ ಬೂದಿಯಾಗಿ ನಿಂತದ್ದನ್ನು
ಅಜ್ಜ ಕಂಡಿದ್ದ; ಕೇಳಿದರೆ ಮಾತು ಬದಲಿಸುತ್ತಿದ್ದ.
ಅಷ್ಟರೊಳಗೆ ಒಂದೆರಡು ಬೇಸಿಗೆ ಹೂ ಬಿಟ್ಟರೆ ಸಾಕು.
ನನಗೂ ಎಪ್ಪತ್ತೊಂದು. ನಮ್ಮ ಗಡುವು ಹೆಚ್ಚುಕಡಿಮೆ ಒಂದೇ.

ತೊಡಕು ಬೇರೆ.
ಲಿಕ್ ಫೋರ್ಕ್ ಹಳ್ಳದ ಈಚೆ ನನ್ನದು ಜೌಗು ನೆಲ,
ನೀರು ನಿಲ್ಲದ ಜಾಗ ಒಂದೇ ಒಂದು, ಬೇಲಿಯ ಹತ್ತಿರ.
ಆಚೆಯ ಬಿಸಿಲ ಇಳಿಜಾರು ವರ್ಲಿನ್ ಸ್ಟಿಲ್ಟ್ನರನದು.
ಹತ್ತೊಂಬತ್ತು ವರ್ಷದಿಂದ ನಮಗೆ ಮಾತಿಲ್ಲ.
ಬೇಲಿ ಯಾರದೆಂದು ಕೋರ್ಟಿನವರೆಗೆ ಹೋಗಿದ್ದೆವು.
ಅದೂ ಚೆಸ್ಟ್‌ನಟ್ ಸೀಳಿ ಕಟ್ಟಿದ ಬೇಲಿ:
ಮರ ಸತ್ತು ನೂರು ವರ್ಷ, ಕೊಳೆಯಲು ಇನ್ನೂ ಒಪ್ಪಿಲ್ಲ.
ಜಗಳವೂ ಅದೇ ಜಾತಿಯದು.

ಮೇ ತಿಂಗಳ ಒಂದು ಬೆಳಿಗ್ಗೆ
ಒಂದು ಡಬ್ಬವನ್ನು ಬೇಲಿಕಂಬದ ಮೇಲಿಟ್ಟು ಬಂದೆ.
ಚೀಟಿ ಅಂಟಿಸಿದ್ದೆ:
ಬಿಸಿಲು ಬೇಕು. ನೀರು ನಿಲ್ಲಬಾರದು.
ಒಂಟಿ ಮರ ಮುಳ್ಳುಕಾಯಿ ಬಿಡುತ್ತದೆ, ಒಳಗೆ ಏನೂ ಇರುವುದಿಲ್ಲ.
ಮನೆಗೆ ಬಂದ ಮೇಲೆ ಕೊನೆಯ ಸಾಲು ಚುಚ್ಚಿತು.
ಹರಿಯಲೆಂದು ಎದ್ದೆ. ಮತ್ತೆ ಕೂತೆ.

ಮೂರು ದಿನ ಡಬ್ಬ ಅಲ್ಲೇ ಇತ್ತು.
ನಾಲ್ಕನೆಯ ದಿನ ಇರಲಿಲ್ಲ.
ಮೇಕೆ ತಿಂದಿತೋ, ಎತ್ತಿ ಹಳ್ಳಕ್ಕೆ ಎಸೆದನೋ.

ಭಾನುವಾರ ಆಚೆಯಿಂದ ಗೂಟ ಬಡಿಯುವ ಸದ್ದು.
ಕಿಟಕಿಗೆ ಹೋಗಲಿಲ್ಲ, ಏಟು ಎಣಿಸಿದೆ.
ಹದಿಮೂರು.
ಆಗ ನೆನಪಾಯಿತು,
ಅಳಿಲಿನ ವಿಷಯ ಚೀಟಿಯಲ್ಲಿ ಬರೆದೇ ಇರಲಿಲ್ಲ.
ತಂತಿಬಲೆಯ ಉಳಿದ ಅರ್ಧ ಸುರುಳಿ ಕಂಕುಳಿಗೆ ಸಿಕ್ಕಿಸಿ
ಬೂಟು ಹುಡುಕಿದೆ.