ಬಾಗುವ ಕಡ್ಡಿ

ಮಳೆಗಾಲ ಮುಗಿದ ಮೇಲೆ ನನ್ನನ್ನು ಕೇಳುವವರು ಕಡಿಮೆ.
ಗಾಂಧಿ ಬಜಾರಿನ ತಿರುವು, ಬಳೆ ಅಂಗಡಿಯ ಮೆಟ್ಟಿಲು,
ಒಂದು ಡಬ್ಬಿ ಕಡ್ಡಿ, ಒಂದು ಡಬ್ಬಿ ಸ್ಪ್ರಿಂಗು, ಮೇಣ ಸವರಿದ ನೂಲು.
ಕಾರ್ತಿಕದಲ್ಲಿ ಕೊಡೆ ರಿಪೇರಿಯವನೆಂದರೆ
ಮದುವೆ ಮುಗಿದ ಚಪ್ಪರದಲ್ಲಿ ಉಳಿದ ವಾಲಗದವನು.

ಆ ಹುಡುಗಿ ಬಂದದ್ದು ಆಗ. ಇಂಜಿನಿಯರಿಂಗ್ ಕಾಲೇಜು, ಹೆಸರು ಸಿಂಚನ.
“ದಸ್ತಗೀರಣ್ಣ, ನಿಮ್ಮಲ್ಲಿ ಅತಿ ತೆಳು ಕಡ್ಡಿ ಯಾವುದು?”
ಎಷ್ಟು ತೆಳು ಬೇಕಮ್ಮ?
ಬೆಂಕಿಪೊಟ್ಟಣ ತೆರೆದು ತೋರಿಸಿದಳು:
ಸತ್ತ ಏರೋಪ್ಲೇನ್ ಚಿಟ್ಟೆ. “ಇದರ ರೆಕ್ಕೆಯ ನರದಷ್ಟು.”

ನಲವತ್ತು ವರ್ಷದಲ್ಲಿ ವಕೀಲರಿಗೆ, ಪುರೋಹಿತರಿಗೆ,
ಒಮ್ಮೆ ಸರ್ಕಸ್ಸಿನ ತಂತಿ ನಡಿಗೆಯವಳಿಗೂ ಕಡ್ಡಿ ಹಾಕಿಕೊಟ್ಟಿದ್ದೇನೆ.
ಹುಳಕ್ಕೆ ಹಾಕಿಲ್ಲ.

ಮೊದಲು ತೂಗೋಣ ಎಂದು ಪಾಂಡುರಂಗ ಶೇಟರ ಅಂಗಡಿಗೆ ಹೋದೆವು.
ಗಾಜಿನ ಗೂಡಿನೊಳಗೆ ಚಿನ್ನದ ತಕ್ಕಡಿ.
ಒಂದು ರೆಕ್ಕೆ ಇಟ್ಟರೆ ಸೊನ್ನೆ.
ಎರಡು ಇಟ್ಟರೆ ಸೊನ್ನೆ.
ನಾಲ್ಕೂ ಇಟ್ಟಾಗ ಕೊನೆಯ ಅಂಕಿ ಒಮ್ಮೆ ಕಣ್ಣು ಮಿಟುಕಿಸಿತು,
ಶೇಟರ ಉಸಿರಿಗೋ ಏನೋ. ಮತ್ತೆ ಸೊನ್ನೆ.
“ಇಲ್ಲದ್ದನ್ನು ತೂಗಿದ್ದಕ್ಕೆ ಎಷ್ಟು ಕೂಲಿ ಕೇಳಲಿ?” ಎಂದರು.

ಆಮೇಲೆ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು,
ಒಂದು ಸೆಕೆಂಡನ್ನು ಸಾವಿರ ಹೋಳು ಮಾಡಿದ ಚಿತ್ರ.
ರೆಕ್ಕೆಯೆಂದರೆ ಬೀಸಣಿಗೆ, ಮೇಲೆ ಕೆಳಗೆ, ಅಂದುಕೊಂಡಿದ್ದೆ.
ಅಲ್ಲ.
ಅದು ಹರಿಗೋಲಿನವನ ಹುಟ್ಟು: ಹೋಗುವಾಗ ಒಂದು ಮಗ್ಗುಲು,
ಬರುವಾಗ ಮಣಿಕಟ್ಟು ತಿರುಚಿ ಇನ್ನೊಂದು ಮಗ್ಗುಲು.
ತುದಿ ಗಾಳಿಯಲ್ಲಿ ಬರೆಯುವುದು ಇಂಗ್ಲಿಷಿನ ಎಂಟು,
ಅಂದರೆ ನಮ್ಮ ೪ರ ಬಾಯಿ ಮುಚ್ಚಿದ ಹಾಗೆ.
ಮುಂದಿನ ಅಂಚು ಬಿಗಿ. ಹಿಂದಿನದು ಸಡಿಲ,
ಕೊಡವಿದ ಒದ್ದೆ ಪಂಚೆಯಂತೆ ತಡವಾಗಿ ಹಿಂಬಾಲಿಸುತ್ತದೆ.
ಆ ತಡದಲ್ಲೇ ಇರುವುದು ಗುಟ್ಟು, ಎಂದಳು.
ಮುಂದಂಚಿನ ಮೇಲೆ ಒಂದು ಪುಟ್ಟ ಸುಳಿ ಕೂರುತ್ತದಂತೆ,
ತುಂಗೆಯಲ್ಲಿ ಹಳೆ ಸೇತುವೆಯ ಕಂಬದ ಹಿಂದೆ ಕೂರುವ ಹಾಗೆ;
ಅದು ಜಾರಿ ಹೋಗುವ ಮೊದಲೇ ರೆಕ್ಕೆ ಮಗುಚಿ
ತಾನೇ ಕಲಕಿ ಬಿಟ್ಟ ಗಾಳಿಯನ್ನು
ಮರಳಿ ಬಂದು ಮೆಟ್ಟಿ ಏರುತ್ತದಂತೆ.

ಅದನ್ನು ನುಂಗಲು ನನಗೆ ಎರಡು ದಿನ ಬೇಕಾಯಿತು.

ಅವಳ ವಿಮಾನ ಹದಿನಾಲ್ಕು ಗ್ರಾಂ. ರೆಕ್ಕೆ ಗಟ್ಟಿ ಪ್ಲಾಸ್ಟಿಕ್ಕು.
ಕಾಲೇಜಿನ ಬ್ಯಾಡ್ಮಿಂಟನ್ ಹಾಲಿನಲ್ಲಿ ಅದು ದುಂಬಿಯಂತೆ ಗುಂಯ್‌ಗುಟ್ಟಿ
ಕಪ್ಪೆಯಂತೆ ಬಿತ್ತು. ಆರು ಸಲ.
ನಾನು ಹೇಳಿದೆ: ಬಾಗದ ಕಡ್ಡಿ ಮೊದಲ ಗಾಳಿಗೇ ಮುರಿಯುತ್ತದೆ,
ತೀರಾ ಬಾಗುವುದು ಕೊಡೆಯನ್ನು ಬಾಣಲೆ ಮಾಡುತ್ತದೆ.
ಬುಡ ದಪ್ಪ, ತುದಿ ಸಣ್ಣ. ಹಾಳೆಯನ್ನು ಎಳೆದು ಅಂಟಿಸಬೇಡ,
ಅಕ್ಕಿಕಾಳಿನಷ್ಟು ಸಡಿಲ ಬಿಡು, ಗಾಳಿ ತುಂಬಿಕೊಳ್ಳಲಿ.
ಅವಳು ಬರೆದುಕೊಂಡಳು.
ನನ್ನ ಮಾತನ್ನು ಯಾರೂ ಬರೆದುಕೊಂಡದ್ದಿಲ್ಲ.

ಬಿದಿರನ್ನು ಬ್ಲೇಡಿನಲ್ಲಿ ಹೆರೆದೆ, ಕೂದಲು ಸೀಳಿದಂತೆ.
ಹನ್ನೊಂದು ಜೋಡಿ ಮುರಿದವು. ಹನ್ನೆರಡನೆಯದು

ನೆಲ ಬಿಟ್ಟಿತು.
ನೆಟ್ಟಿನ ಎತ್ತರ. ನನ್ನ ಟೋಪಿಯ ಎತ್ತರ.
ಗಾಳಿಯಲ್ಲಿ ನಿಂತಿತು, ನಾನೊಂದು ಕೊಡೆ ಬಿಡಿಸುವಷ್ಟು ಹೊತ್ತು,
ಆಮೇಲೆ ಟ್ಯೂಬ್‌ಲೈಟಿಗೆ ಬಡಿದು
ಅದನ್ನೂ ಆರಿಸಿ ಬಿತ್ತು. ಕತ್ತಲೆಯಲ್ಲಿ ಹುಡುಗರ ಕೇಕೆ.
ಅವಳು ಮಾತ್ರ ನೆಲದಲ್ಲಿ ಕೂತು ರೆಕ್ಕೆ ತಡವುತ್ತಿದ್ದಳು:
“ಎಡಗಡೆ ಇನ್ನೂ ಬಿಗಿ ಇದೆ, ಅಣ್ಣ.”

ಮಾರನೆಯ ದಿನ ಬೋಣಿಯಾಗಿರಲಿಲ್ಲ.
ಆಷಾಢದಲ್ಲಿ ಕೊಟ್ಟು ಮರೆತವರ ಕೊಡೆಯೊಂದನ್ನು ಬಿಡಿಸಿ
ಬೀದಿಯಲ್ಲಿ ನಿಂತು ಬೀಸಿದೆ,
ಮಣಿಕಟ್ಟು ತಿರುಚಿ, ನಾಲ್ಕರ ಬಾಯಿ ಮುಚ್ಚಿ.
ಬಳೆ ಅಂಗಡಿ ಪುಟ್ಟಲಕ್ಷ್ಮಿ ಡಜನ್ ಎಣಿಸುವುದನ್ನು ಬಿಟ್ಟು ನೋಡಿದಳು.
ಒಂದು ಸಲ, ಆಣೆ, ಒಂದೇ ಒಂದು ಸಲ
ಹಿಡಿಕೆ ಕೈಯಲ್ಲಿ ಹಗುರಾಯಿತು.

ಆಮೇಲೆ ಎರಡು ಹೊಲಿಗೆ ಬಿಚ್ಚಿಕೊಂಡಿತು.
ಕೂತು ನೂಲಿಗೆ ಮೇಣ ಸವರಿದೆ.