ನೂರಕ್ಕೆ ಎರಡು

ಬೈತಖೋಲದ ಧಕ್ಕೆಯಲ್ಲಿ ನೀರಿಗೆ ಬಣ್ಣ ಬಳಿದವ ನಾನೇ.
ಇಪ್ಪತ್ತಾರು ವರ್ಷ ಬೋಟಿನ ಇಂಜಿನ್ನು ಬಿಚ್ಚಿ, ಕಟ್ಟಿ,
ಕಪ್ಪು ಆಯಿಲ್ಲು ಬಕೆಟ್ಟಿಗೆ ಇಳಿಸಿ,
ಯಾರೂ ನೋಡದ ಹೊತ್ತಲ್ಲಿ ಬಕೆಟ್ಟು ಪಕ್ಕಕ್ಕೆ ವಾಲಿಸಿ.
ಯಾರೂ ನೋಡದ ಹೊತ್ತು ಅಂದೆನಲ್ಲ, ಸುಳ್ಳು.
ಎಲ್ಲರೂ ನೋಡುತ್ತಿದ್ದರು.
ನೀರ ಮೇಲೆ ನವಿಲುಗರಿಯಂಥದು ಹರಡಿಕೊಳ್ಳುವಾಗ
ಮಕ್ಕಳು ಕೋಲು ಹಾಕಿ ಕದಡಿ ನಗುತ್ತಿದ್ದವು.
ನನ್ನ ಮಗಳೂ.

ಮೊನ್ನೆ ಕೋಡಿಬಾಗದಿಂದ ಝೀನತ್ ಮೇಡಂ ಬಂದರು,
ಕೈಯಲ್ಲಿ ಉಪ್ಪಿನಕಾಯಿ ಶೀಸೆಯಷ್ಟು ಗಾಜು.
"ಇದರಲ್ಲಿ ಎಷ್ಟಿವೆ ಹೇಳಿ, ಗೋಯ್ದಣ್ಣ?"
ನನಗೆ ಕಂಡದ್ದು ಅಂಬಲಿಯ ತಳದಂಥ ಒಂದು ಮಬ್ಬು.
"ಆರು ಕೋಟಿ" ಅಂದರು.
ಒಂದೊಂದೂ ಯಂತ್ರವಂತೆ,
ತಲೆಗೂದಲನ್ನು ನೂರು ಸೀಳು ಮಾಡಿದರೆ ಒಂದು ಸೀಳಿನ ದಪ್ಪ.
ಪಿಸ್ಟನ್ ಇಲ್ಲ, ಡೀಸೆಲ್ ಬೇಡ,
ಬಿಸಿಲು ಕುಡಿದು ಓಡುತ್ತವಂತೆ,
ಎಣ್ಣೆಯ ಹನಿ ಸಿಕ್ಕರೆ ತಬ್ಬಿಕೊಳ್ಳುತ್ತವಂತೆ,
ಅಯಸ್ಕಾಂತ ಕರೆದರೆ ಹೊರೆ ಸಮೇತ ಮರಳುತ್ತವಂತೆ.
ನಾನು ಇಂಜಿನ್ನಿನವ. ಕೇಳಿದೆ:
ಸವೆದರೆ? ಪಾರ್ಟು ಸಿಗ್ತದಾ?
ಮೇಡಂ ನಕ್ಕರು.
ನಾನು ತಮಾಷೆಗೆ ಕೇಳಿರಲಿಲ್ಲ.

ಧಕ್ಕೆಯ ಮೂಲೆಯಲ್ಲಿ ತೇಲುಬುರುಡೆ ಕಟ್ಟಿ, ತಾಡಪಾಲು ಇಳಿಬಿಟ್ಟು,
ಮದುವೆ ಚಪ್ಪರದಷ್ಟು ನೀರನ್ನು ಬೇರೆ ಮಾಡಿದೆವು.
ಮೇಡಂ ಶೀಸೆ ಬಗ್ಗಿಸಿದರು.
ನಾನು ಬಕೆಟ್ಟು ಬಗ್ಗಿಸುವ ಹಾಗೆಯೇ,
ಅದೇ ಮಣಿಕಟ್ಟಿನ ತಿರುವು.
ಹೊಟ್ಟೆಯೊಳಗೆ ಏನೋ ತಿರುಗಿದಂತಾಯಿತು.

ಬಂಗಡೆ ಬುಟ್ಟಿ ಇಳಿಸಿ ಶೇವಂತಕ್ಕ ಬಂದು ನಿಂತಳು.
"ಎಂತ ಹಿಡಿತಿದ್ರಿ?"
"ಏನೂ ಹಿಡಿತಿಲ್ಲ, ನೀರು ತೊಳಿತಿದ್ದೇವೆ."
"ನೀರನ್ನ ಯಾತರಲ್ಲಿ ತೊಳಿತಾರೋ?"
ಅದಕ್ಕೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.
ಆರು ಕೋಟಿಯೂ ಕಣ್ಣಿಗೆ ಕಾಣದಂತೆ ದುಡಿಯುತ್ತಿದ್ದವು.
ನೀರು ಸುಮ್ಮನೆ ನೀರಿನಂತೆ ಇತ್ತು.

ಸಂಜೆ ಮೇಡಂ ಅಯಸ್ಕಾಂತದ ಹಲಗೆ ಎತ್ತಿದರೆ
ಅದಕ್ಕೆ ಕಪ್ಪು ಗಡ್ಡ ಬೆಳೆದಿತ್ತು, ತೊಟ್ಟಿಕ್ಕುತ್ತ.
ಚೌಕದೊಳಗೆ ನವಿಲು ಇರಲಿಲ್ಲ.
ಕಲ್ಲಿಗೆ ಕಚ್ಚಿದ ಕಲಗ ಒಂದೊಂದಾಗಿ ಕಂಡವು,
ನನ್ನ ಅಪ್ಪ ಹೇಳುತ್ತಿದ್ದ ಧಕ್ಕೆಯಂತೆ.
ಮೇಡಂ ಯಂತ್ರದಲ್ಲಿ ಅಳೆದು ಕೂಗಿದರು:
"ನೂರಕ್ಕೆ ತೊಂಬತ್ತೆಂಟು ವಾಪಸ್ಸು!"

"ಆ ಎರಡು?" ಅಂದಳು ಶೇವಂತಕ್ಕ.

ಮೇಡಂ ತಾಳ್ಮೆಯಿಂದ ವಿವರಿಸಿದರು.
ಅಷ್ಟು ಹೆಚ್ಚುಕಮ್ಮಿ ಎಲ್ಲ ಕಡೆಯೂ ಇರ್ತದೆ.
ಕೆಸರಲ್ಲಿ ಕೂತಿರಬಹುದು. ಅಪಾಯ ಇಲ್ಲ ಅಂತ ಅಂದಾಜು.
ಶೇವಂತಕ್ಕ ತಲೆಯಾಡಿಸಲಿಲ್ಲ.
ಅವಳ ಗಂಡ ಹೋದ ವರ್ಷದ ಗಾಳಿಯಲ್ಲಿ
ಹನ್ನೊಂದು ಬೋಟು ಹೋಗಿ ಹತ್ತು ಬಂದಿದ್ದವು.
ಹೆಚ್ಚಿನವು ಸುರಕ್ಷಿತ ಎಂದು ಬರೆದಿದ್ದರು ಪೇಪರಿನವರು.
ಲೆಕ್ಕ ತಪ್ಪಿರಲಿಲ್ಲ ಅವರದ್ದು.
"ನಾಳೆ ಬೆಳಿಗ್ಗೆ ಇನ್ನೊಂದ್ಸಲ ಕರೀರಿ" ಅಂದು
ಬುಟ್ಟಿ ಎತ್ತಿ ಹೊರಟಳು.

ನಾನು ಶೆಡ್ಡಿನ ಗೋಡೆಯ ಮೇಲೆ ಬಳಪದಲ್ಲಿ ಬರೆದು ನೋಡಿದೆ.
ಆರು ಕೋಟಿಯಲ್ಲಿ ನೂರಕ್ಕೆ ಎರಡು:
ಹನ್ನೆರಡು ಲಕ್ಷ.
ಇಡೀ ಕಾರವಾರವನ್ನು ಎಷ್ಟು ಸಲ ಎಣಿಸಿದರೆ ಅಷ್ಟಾದೀತು?

ರಾತ್ರಿ ಇಳಿತ ಬಿದ್ದ ಮೇಲೆ
ಬೋಟಿನ ಹೊಟ್ಟೆಗೆ ಬಿದ್ದ ನಟ್ಟು ಎತ್ತುವ ನನ್ನ ಅಯಸ್ಕಾಂತವನ್ನು
ನೈಲಾನ್ ದಾರಕ್ಕೆ ಕಟ್ಟಿ ಚೌಕದೊಳಗೆ ಇಳಿಬಿಟ್ಟೆ.
ಬೆಳಗಿನವರೆಗೆ ಎಳೆದೆ, ಬಿಟ್ಟೆ, ಎಳೆದೆ.
ಸಿಕ್ಕಿದ್ದು: ಹದಿನೇಳರ ಪಾನಾ ಹಿಡಿಯುವ ಒಂದು ನಟ್ಟು,
ಬಹುಶಃ ನಾನೇ ಎಂದೋ ಬೀಳಿಸಿದ್ದು.
ಅದರ ಅಂಚಿಗೆ ಉಗುರಿನಷ್ಟು ಕಪ್ಪು.
ಅವೇ ಇರಬಹುದು. ಬರೀ ಕೊಳೆಯೂ ಇರಬಹುದು.
ಒರೆಸದೆ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ,
ಮೇಡಂ ಬಂದರೆ ಕೊಡಲಿಕ್ಕೆ.

ಶೆಡ್ಡಿನೊಳಗೆ ನಿನ್ನೆಯ ಬಕೆಟ್ಟು
ಕಂಠಮಟ್ಟ ತುಂಬಿ ಹಾಗೇ ಇದೆ.
ಅದನ್ನು ಎಲ್ಲಿ ಸುರಿಯಬೇಕು ಅಂತ
ಕೇಳಲು ಮರೆತೆ.